ಪ್ರಶ್ನೋತ್ತರ: ಪುಟ್ಟ ರೂಟರ್ ಬೋರ್ಡಿಗೆ ಮುಕ್ತ ಫರ್ಮ್‌ವೇರ್

ರೂಟರ್ ಬೋರ್ಡುಗಳಿಗೆ ತಯಾರಕರ ಫರ್ಮ್‌ವೇರ್ (ಬೋರ್ಡನ್ನು ನಡೆಸುವ ಮೂಲ ತಂತ್ರಾಂಶ) ಬದಲು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್, ಅಂದರೆ ಮಾತಿನಲ್ಲಿ ‘ಓಪನ್‌ವರ್ಟ್’, ಹಾಕುವ ಕುರಿತ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಮಾಂಡುಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಕೊಟ್ಟಿದೆ. ದೊಡ್ಡಕ್ಷರ ಎಂದು ಹೇಳದ ಕಡೆಯೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಪ್ರಶ್ನೆ: 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ರೂಟರ್ ಇದೆ. ಅದಕ್ಕೆ ಈಗಿನ ಓಪನ್‌ವರ್ಟ್ ಹಾಕಬಹುದೆ?

ಉತ್ತರ: ಆಗುವುದಿಲ್ಲ. ಈ ಅಳತೆಯ ಬೋರ್ಡುಗಳಿಗೆ ಅಧಿಕೃತ ಫೈಲು ಸಿಕ್ಕ ಕೊನೆಯ ಸರಣಿ 19.07. ಅದರ ನಿರ್ವಹಣೆಯೂ 2022ರಲ್ಲಿ ನಿಂತಿತು. ಫ್ಲ್ಯಾಶ್ ಸಾಲದಿದ್ದರೆ ಫೈಲು ಹಿಡಿಸುವುದೇ ಇಲ್ಲ, ಅದು ಮೊದಲೇ ಗೊತ್ತಾಗುತ್ತದೆ. ರ‍್ಯಾಮ್ ಕೊರತೆ ಹಾಗಲ್ಲ. ಎಲ್ಲ ಸರಿಯಿದ್ದಂತೆ ಕಂಡು ಕೆಲವು ಗಂಟೆಗಳ ಮೇಲೆ ಕಾಡಲು ಶುರುಮಾಡುತ್ತದೆ. ‘ಟಿಎಂಪಿ’ ಡೈರೆಕ್ಟರಿ ಇರುವುದೇ ರ‍್ಯಾಮಿನಲ್ಲಿ. ಪ್ಯಾಕೇಜ್ ಪಟ್ಟಿ, ಅಪ್‌ಗ್ರೇಡ್ ಫೈಲು, ಲಾಗ್ ಎಲ್ಲ ಅಲ್ಲೇ ಕೂರುತ್ತವೆ. ಜಾಗ ಮುಗಿದಾಗ ಕರ್ನೆಲ್ (ವ್ಯವಸ್ಥೆಯ ತಿರುಳು) ಯಾವುದಾದರೂ ಒಂದು ಪ್ರೋಗ್ರಾಮನ್ನು ಕೊಂದುಹಾಕುತ್ತದೆ. ಹೋದದ್ದು ಹೋಸ್ಟ್‌ಎಪಿಡಿ ಆದರೆ ವೈಫೈ ಮಾಯ, ಡಿಎನ್‌ಎಸ್‌ಮಾಸ್ಕ್ ಆದರೆ ಸಂಪರ್ಕವಿದ್ದೂ ಒಂದು ಪುಟವೂ ತೆರೆಯುವುದಿಲ್ಲ.

8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮಿನ ಬೋರ್ಡು ಸದ್ಯಕ್ಕೆ ಏಗಬಹುದು, ಆದರೆ ಮುಂದಿನ ಆವೃತ್ತಿಗಳನ್ನು ನಂಬಿ ಅದನ್ನು ಇಟ್ಟುಕೊಳ್ಳಬೇಡಿ. ಹೊಸದಾಗಿ ಆರಿಸುವುದಾದರೆ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮಿಗಿಂತ ಕೆಳಗೆ ಇಳಿಯಬೇಡಿ.

ಪ್ರಶ್ನೆ: ಒಂದೇ ಮಾದರಿಗೆ ಫ್ಯಾಕ್ಟರಿ, ಸಿಸ್‌ಅಪ್‌ಗ್ರೇಡ್, ಇನಿಟ್‌ರ‍್ಯಾಮ್‌ಎಫ್‌ಎಸ್ ಎಂದು ಮೂರು ಫೈಲುಗಳಿವೆ. ಯಾವುದನ್ನು ಹಾಕಬೇಕು?

ಉತ್ತರ: ಈಗ ಬೋರ್ಡಿನಲ್ಲಿರುವುದು ತಯಾರಕರ ಫರ್ಮ್‌ವೇರ್ ಆಗಿದ್ದರೆ ಫ್ಯಾಕ್ಟರಿ. ತಯಾರಕರ ಅಪ್‌ಡೇಟ್ ಪುಟ ಒಪ್ಪಿಕೊಳ್ಳುವಂಥ ತಲೆಬರಹ ಅದರಲ್ಲಿ ಇರುತ್ತದೆ. ಈಗಾಗಲೇ ಓಪನ್‌ವರ್ಟ್ ಓಡುತ್ತಿದ್ದರೆ ಸಿಸ್‌ಅಪ್‌ಗ್ರೇಡ್. ಮೂರನೆಯದು ಫ್ಲ್ಯಾಶಿಗೆ ಏನನ್ನೂ ಬರೆಯದೆ ಇಡೀ ವ್ಯವಸ್ಥೆಯನ್ನು ರ‍್ಯಾಮಿನಲ್ಲೇ ಓಡಿಸುತ್ತದೆ. ಕರೆಂಟು ತೆಗೆದರೆ ಬೋರ್ಡು ಮೊದಲಿದ್ದಂತೆಯೇ ಇರುತ್ತದೆ. ಹೊಸ ಬೋರ್ಡನ್ನು ಪರೀಕ್ಷಿಸಲು, ಕೆಟ್ಟದ್ದನ್ನು ಎಬ್ಬಿಸಲು ಇದರಷ್ಟು ಒಳ್ಳೆಯ ಸಾಧನವಿಲ್ಲ.

ಫೈಲಿನ ಬಗೆಗಿಂತ ಹೆಚ್ಚು ಜನ ಎಡವುವುದು ಹಾರ್ಡ್‌ವೇರ್ ಆವೃತ್ತಿಯಲ್ಲಿ. ಡಬ್ಬಿಯ ಮೇಲಿನ ಹೆಸರು ಒಂದೇ ಆದರೂ ವಿ1, ವಿ2, ವಿ3ಗಳೊಳಗೆ ಬೇರೆ ಬೇರೆ ಚಿಪ್ ಇರಬಹುದು. ರೂಟರಿನ ತಳದ ಲೇಬಲ್ ಓದಿ, ಅಲ್ಲಿರುವ ಆವೃತ್ತಿಗೆಂದೇ ಇರುವ ಫೈಲನ್ನು ಇಳಿಸಿಕೊಳ್ಳಿ. ಎಸ್‌ಎಚ್‌ಎ256 ಮೊತ್ತ (ಫೈಲು ಕೆಡದೆ ಬಂದಿದೆಯೇ ಎಂದು ನೋಡುವ ಗುರುತು) ಇಳಿಸುವ ಪುಟದಲ್ಲಿ ಕೊಟ್ಟದ್ದಕ್ಕೆ ತಾಳೆಯಾಗದಿದ್ದರೆ ಆ ಫೈಲನ್ನು ಅಳಿಸಿ ಮತ್ತೆ ಇಳಿಸಿ. ಸ್ನ್ಯಾಪ್‌ಶಾಟ್ (ಇನ್ನೂ ಅಭಿವೃದ್ಧಿಯಲ್ಲಿರುವ ಆವೃತ್ತಿ) ಫೈಲುಗಳಲ್ಲಿ ಲೂಸಿ ಎಂಬ ವೆಬ್ ಪುಟ ಇರುವುದಿಲ್ಲ. ಹಾಕಿದ ಮೇಲೆ ಬ್ರೌಸರಿನಲ್ಲಿ ಏನೂ ಬರಲಿಲ್ಲವೆಂದು ಗಾಬರಿಯಾಗದೆ ಎಸ್‌ಎಸ್‌ಎಚ್ (ಜಾಲದ ಮೂಲಕ ಕಮಾಂಡ್ ಕೊಡುವ ದಾರಿ) ಮೂಲಕ 192.168.1.1ಕ್ಕೆ ಹೋಗಿ ನೋಡಿ.

ಪ್ರಶ್ನೆ: ಫರ್ಮ್‌ವೇರ್ ಹಾಕುವ ಮೊದಲು ಏನೇನನ್ನು ಬ್ಯಾಕಪ್ ಮಾಡಬೇಕು? ಎಸ್‌ಸಿಪಿಯಿಂದ ಫೈಲು ತರಲು ಹೋದರೆ ‘ಎಸ್‌ಎಫ್‌ಟಿಪಿ-ಸರ್ವರ್ ನಾಟ್ ಫೌಂಡ್’ ಎನ್ನುತ್ತದೆ.

ಉತ್ತರ: ಫರ್ಮ್‌ವೇರ್ ಹಾಳಾದರೆ ಮತ್ತೊಂದನ್ನು ಇಳಿಸಿಕೊಳ್ಳಬಹುದು. ಆದರೆ ವೈಫೈ ಕ್ಯಾಲಿಬ್ರೇಶನ್ ಮಾಹಿತಿಯನ್ನು ಎಲ್ಲಿಂದಲೂ ಇಳಿಸಿಕೊಳ್ಳಲಾಗದು. ಕಾರ್ಖಾನೆಯಲ್ಲಿ ನಿಮ್ಮ ಬೋರ್ಡನ್ನೇ ಅಳೆದು ಬರೆದ ಪ್ರಸಾರ ಶಕ್ತಿ, ಆವರ್ತನದ ತಿದ್ದುಪಡಿ, ಮ್ಯಾಕ್ ವಿಳಾಸ ಅದರಲ್ಲಿವೆ. ಎಥೆರಾಸ್ ಬೋರ್ಡುಗಳಲ್ಲಿ ಈ ಪಾರ್ಟಿಶನ್ನಿನ (ಫ್ಲ್ಯಾಶಿನ ಒಂದು ಭಾಗದ) ಹೆಸರು ‘ಎಆರ್‌ಟಿ’, ಮೀಡಿಯಾಟೆಕ್‌ನಲ್ಲಿ ‘ಫ್ಯಾಕ್ಟರಿ’. ಅದೇ ಮಾದರಿಯ ಇನ್ನೊಂದು ಬೋರ್ಡಿನಿಂದ ಎರವಲು ತಂದು ಹಾಕಿದರೆ ವೈಫೈ ಏಳುತ್ತದೆ, ಆದರೆ ಅಳತೆಗಳು ಅದರವಲ್ಲ. ಎರಡೂ ಒಂದೇ ಜಾಲದಲ್ಲಿದ್ದರೆ ಒಂದೇ ಮ್ಯಾಕ್ ವಿಳಾಸಕ್ಕಾಗಿ ಕಿತ್ತಾಡುತ್ತವೆ.

ಸುಲಭ ದಾರಿ ಲೂಸಿಯಲ್ಲೇ ಇದೆ. ‘ಸಿಸ್ಟಮ್’ ಮೆನುವಿನ ಬ್ಯಾಕಪ್ ಪುಟದಲ್ಲಿ ‘ಸೇವ್ ಎಂಟಿಡಿಬ್ಲಾಕ್ ಕಂಟೆಂಟ್ಸ್’ ಎಂಬ ಭಾಗವಿದೆ. ಪಟ್ಟಿಯಿಂದ ಒಂದೊಂದೇ ಪಾರ್ಟಿಶನ್ ಆರಿಸಿ ಉಳಿಸಿಕೊಳ್ಳಿ. ಬೂಟ್‌ಲೋಡರ್ (ಕರೆಂಟು ಬಂದೊಡನೆ ಮೊದಲು ಓಡುವ ಪ್ರೋಗ್ರಾಮ್), ಅದರ ಎನ್ವಿರಾನ್‌ಮೆಂಟ್ (ಸೆಟ್ಟಿಂಗುಗಳು), ಕ್ಯಾಲಿಬ್ರೇಶನ್ ಈ ಮೂರನ್ನು ಬಿಡಲೇಬಾರದು. ತಯಾರಕರ ಫರ್ಮ್‌ವೇರ್ ಇನ್ನೂ ಒಳಗಿದೆ ಎಂದಾದರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಓಡಿಸಿ ಆ ಸ್ಥಿತಿಯಲ್ಲೇ ಎಲ್ಲವನ್ನೂ ನಕಲು ಮಾಡಿ. ಮುಂದೊಮ್ಮೆ ಮೂಲಕ್ಕೆ ಮರಳಲು ದಾರಿ ಇರುತ್ತದೆ.

ತೆಗೆದ ಫೈಲನ್ನು ಒಮ್ಮೆ ತೆರೆದು ನೋಡದೆ ಬ್ಯಾಕಪ್ ಆಯಿತೆಂದು ನಂಬಬೇಡಿ. 64 ಕೆಬಿ ಪಾರ್ಟಿಶನ್ ಅಂದರೆ ಸರಿಯಾಗಿ 65536 ಬೈಟು ಇರಬೇಕು. ಹೆಕ್ಸ್‌ಡಂಪ್‌ನಲ್ಲಿ (ಬೈಟುಗಳನ್ನು ಒಂದೊಂದಾಗಿ ತೋರಿಸುವ ಸಾಧನ) ಉದ್ದಕ್ಕೂ ‘ಎಫ್‌ಎಫ್’ ಕಂಡರೆ ಅದು ಖಾಲಿ ಜಾಗ. ಎಂಟಿ7628 ಬೋರ್ಡಿನ ಫ್ಯಾಕ್ಟರಿ ಪಾರ್ಟಿಶನ್ 28, 76 ಎಂಬ ಎರಡು ಬೈಟುಗಳಿಂದ ಶುರುವಾಗುತ್ತದೆ. ಆಮೇಲೆ ಎರಡು ಬೈಟು ಬಿಟ್ಟರೆ ಮುಂದಿನ ಆರು ಬೈಟುಗಳೇ ಮ್ಯಾಕ್ ವಿಳಾಸ. ಅದು ತಳದ ಲೇಬಲ್ಲಿಗೆ ಪೂರ್ತಿ ಅಥವಾ ಕೊನೆಯ ಅಂಕಿಯಷ್ಟೇ ಆಚೀಚೆಯಾಗಿ ಹೊಂದಿದರೆ ಸರಿಯಾದ ಪಾರ್ಟಿಶನ್ ಹಿಡಿದಿದ್ದೀರಿ.

ಎಸ್‌ಸಿಪಿ ದೋಷದ ಕಾರಣ ರೂಟರಿನಲ್ಲಿಲ್ಲ, ಕಂಪ್ಯೂಟರಿನಲ್ಲಿದೆ. ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಒಳಗೊಳಗೇ ಎಸ್‌ಎಫ್‌ಟಿಪಿ ಬಳಸುತ್ತದೆ. ರೂಟರಿನ ಎಸ್‌ಎಸ್‌ಎಚ್ ಸರ್ವರ್ ಆದ ಡ್ರಾಪ್‌ಬೇರ್‌ಗೆ ಅದು ಬಾರದು. ಎಸ್‌ಸಿಪಿ ಕಮಾಂಡಿಗೆ ‘ಮೈನಸ್ ಓ’ ಸೇರಿಸಿ (ದೊಡ್ಡಕ್ಷರ), ಹಳೆಯ ವಿಧಾನದಲ್ಲಿ ಹೋಗುತ್ತದೆ.

ಪ್ರಶ್ನೆ: ಮೂರು ಪ್ಯಾಕೇಜ್ ಹಾಕುವಷ್ಟರಲ್ಲಿ ಜಾಗ ಮುಗಿಯಿತು. ಬೇಡದ ಪ್ಯಾಕೇಜುಗಳನ್ನು ತೆಗೆದರೂ ಒಂದು ಕೆಬಿ ಕೂಡ ಹೆಚ್ಚಲಿಲ್ಲ. ಏಕೆ?

ಉತ್ತರ: ಫರ್ಮ್‌ವೇರಿನ ಜೊತೆಗೇ ಬಂದ ಪ್ಯಾಕೇಜುಗಳು ಸ್ಕ್ವಾಶ್‌ಎಫ್‌ಎಸ್ ಎಂಬ ಓದಲು ಮಾತ್ರ ಬರುವ ಭಾಗದಲ್ಲಿ ಅಡಕವಾಗಿರುತ್ತವೆ. ನೀವು ಹಾಕುವುದು, ಬದಲಿಸುವುದು ಎಲ್ಲ ಅದರ ಮೇಲಿನ ಓವರ್‌ಲೇ ಭಾಗಕ್ಕೆ ಹೋಗುತ್ತದೆ. ಮೂಲದಲ್ಲಿದ್ದ ಫೈಲನ್ನು ‘ಅಳಿಸಿದರೆ’ ಅದು ಅಳಿಯುವುದಿಲ್ಲ. ‘ಇದನ್ನು ತೋರಿಸಬೇಡ’ ಎಂಬ ಗುರುತೊಂದು ಓವರ್‌ಲೇಯಲ್ಲಿ ಬೀಳುತ್ತದೆ, ಅಷ್ಟೆ. ಆ ಗುರುತಿಗೂ ಜಾಗ ಬೇಕು, ಹಾಗಾಗಿ ತೆಗೆದಷ್ಟೂ ಜಾಗ ಸ್ವಲ್ಪ ಕಡಿಮೆಯಾದೀತೇ ಹೊರತು ಹೆಚ್ಚದು. ಒಪಿಕೆಜಿ ಅಥವಾ ಹೊಸ ಆವೃತ್ತಿಗಳ ಎಪಿಕೆಯಿಂದ ಎಲ್ಲ ಪ್ಯಾಕೇಜುಗಳನ್ನು ಒಟ್ಟಿಗೆ ಅಪ್‌ಗ್ರೇಡ್ ಮಾಡುವುದೂ ಇದೇ ಕಾರಣಕ್ಕೆ ಕೆಟ್ಟ ಅಭ್ಯಾಸ. ಹಳೆಯದು ಕೆಳಗೆ ಹಾಗೇ ಉಳಿದು ಹೊಸದು ಮೇಲೆ ಕೂರುತ್ತದೆ, ಒಂದಕ್ಕೆ ಎರಡು ಪ್ರತಿ. ‘ಡಿಎಫ್ ಮೈನಸ್ ಎಚ್’ ಕೊಟ್ಟು ಓವರ್‌ಲೇ ಸಾಲನ್ನು ನೋಡಿ, ನಿಮ್ಮ ನಿಜವಾದ ಜಾಗ ಅದೊಂದೇ.

ಸರಿಯಾದ ಪರಿಹಾರ ಇಮೇಜ್‌ಬಿಲ್ಡರ್, ಅಂದರೆ ನಿಮಗೆ ಬೇಕಾದಂತೆ ಫರ್ಮ್‌ವೇರ್ ಫೈಲು ಜೋಡಿಸುವ ಸಾಧನ. ಲಿನಕ್ಸ್ ಕಂಪ್ಯೂಟರಿನಲ್ಲಿ ನಿಮ್ಮ ಚಿಪ್ ಕುಟುಂಬದ ಇಮೇಜ್‌ಬಿಲ್ಡರ್ ಬಿಚ್ಚಿ, ‘ಮೇಕ್ ಇನ್ಫೋ’ ಕೊಟ್ಟರೆ ಬೋರ್ಡುಗಳ ಪ್ರೊಫೈಲ್ ಹೆಸರುಗಳು ಬರುತ್ತವೆ. ‘ಮೇಕ್ ಇಮೇಜ್’ ಕೊಡುವಾಗ ಪ್ರೊಫೈಲ್ ಜೊತೆಗೆ ಪ್ಯಾಕೇಜ್ ಪಟ್ಟಿ ಕೊಡಿ. ಬೇಕಾದ್ದರ ಹೆಸರು ಬರೆಯಿರಿ, ಬೇಡದ್ದರ ಹೆಸರಿನ ಮೊದಲು ಮೈನಸ್ ಇಡಿ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್ಟಿಗೆ ಹೋಗುವ ವಿಧಾನ) ಇಲ್ಲದ ಸಂಪರ್ಕವಾದರೆ ಪಿಪಿಪಿ ಪ್ಯಾಕೇಜುಗಳನ್ನು ಮೊದಲು ತೆಗೆಯಬಹುದು. ಇಲ್ಲಿ ಯಾವುದನ್ನೂ ಕಂಪೈಲ್ ಮಾಡುವುದಿಲ್ಲ, ಸಿದ್ಧ ಪ್ಯಾಕೇಜುಗಳನ್ನು ಜೋಡಿಸುವುದಷ್ಟೇ. ಆದ್ದರಿಂದ ಬೇಗ ಮುಗಿಯುತ್ತದೆ.

ಯುಎಸ್‌ಬಿ ಇದ್ದರೆ ಎಕ್ಸ್ಟ್‌ರೂಟ್ ಕೂಡ ಒಂದು ದಾರಿ: ಇಎಕ್ಸ್‌ಟಿ4 ಮಾಡಿದ ಪೆನ್‌ಡ್ರೈವನ್ನೇ ಓವರ್‌ಲೇ ಮಾಡಿಕೊಳ್ಳುವುದು. ಆದರೆ ಬ್ಲಾಕ್-ಮೌಂಟ್, ಯುಎಸ್‌ಬಿ ಸ್ಟೋರೇಜ್, ಇಎಕ್ಸ್‌ಟಿ4 ಮಾಡ್ಯೂಲುಗಳು ಫ್ಲ್ಯಾಶಿನಲ್ಲೇ ಇರಬೇಕು. ಮುಂದೆ ಫರ್ಮ್‌ವೇರ್ ಬದಲಿಸಿದಾಗ ಅವು ಇಲ್ಲದ ಫೈಲು ಹಾಕಿದರೆ ಪೆನ್‌ಡ್ರೈವ್ ಕಾಣದೆ ಹೋಗಿ, ಸೆಟ್ಟಿಂಗುಗಳೆಲ್ಲ ಮಾಯವಾದಂತೆ ತೋರುತ್ತದೆ. ಎಕ್ಸ್ಟ್‌ರೂಟ್ ಬೇಕೆನ್ನುವವರೂ ಆ ಮೂರನ್ನು ಇಮೇಜ್‌ಬಿಲ್ಡರಿನಲ್ಲೇ ಸೇರಿಸಿಬಿಡಿ.

ಪ್ರಶ್ನೆ: ಫೈಲು ಹಾಕಿದ ಮೇಲೆ ಪವರ್ ದೀಪ ಬಿಟ್ಟರೆ ಏನೂ ಇಲ್ಲ. ಬೋರ್ಡು ಸತ್ತೇಹೋಯಿತೆ?

ಉತ್ತರ: ಬಹುಪಾಲು ಇಲ್ಲ. ಸೆಟ್ಟಿಂಗ್ ಕೆಟ್ಟಿರುವುದು, ಫರ್ಮ್‌ವೇರ್ ಕೆಟ್ಟಿರುವುದು, ಬೂಟ್‌ಲೋಡರ್ ಕೆಟ್ಟಿರುವುದು ಮೂರೂ ಬೇರೆ ಬೇರೆ. ಹಗುರವಾದ್ದರಿಂದ ಶುರುಮಾಡಿ.

ಕರ್ನೆಲ್ ಏಳುತ್ತಿದ್ದರೆ ಫೇಲ್‌ಸೇಫ್ (ನಿಮ್ಮ ಸೆಟ್ಟಿಂಗುಗಳನ್ನು ಬಿಟ್ಟು ಏಳುವ ಸ್ಥಿತಿ) ಸಿಗುತ್ತದೆ. ಕಂಪ್ಯೂಟರಿಗೆ 192.168.1.2, ಮಾಸ್ಕ್ 255.255.255.0 ಎಂದು ಕೈಯಾರೆ ವಿಳಾಸ ಕೊಡಿ, ಏಕೆಂದರೆ ಫೇಲ್‌ಸೇಫ್‌ನಲ್ಲಿ ಡಿಎಚ್‌ಸಿಪಿ ಇರುವುದಿಲ್ಲ. ಬೋರ್ಡಿಗೆ ಕರೆಂಟು ಕೊಟ್ಟು ದೀಪ ಮಿಟುಕಲು ಶುರುವಾದೊಡನೆ ರೀಸೆಟ್ ಗುಂಡಿ ಒತ್ತಿ. ಆ ಅವಕಾಶ ಎರಡು ಸೆಕೆಂಡಿನಷ್ಟೇ, ಹಾಗಾಗಿ ಒಂದೆರಡು ಸಲ ತಪ್ಪಬಹುದು. ದೀಪ ಇನ್ನೂ ವೇಗವಾಗಿ ಮಿಟುಕಿದರೆ ಒಳಗೆ ಹೋದಿರಿ. 192.168.1.1ಕ್ಕೆ ರೂಟ್ ಆಗಿ ಎಸ್‌ಎಸ್‌ಎಚ್ ಮಾಡಿ, ಪಾಸ್‌ವರ್ಡ್ ಬೇಡ. ‘ಮೌಂಟ್_ರೂಟ್’ ಕೊಟ್ಟು ತಪ್ಪಾದ ಸೆಟ್ಟಿಂಗನ್ನು ತಿದ್ದಬಹುದು. ಅಥವಾ ‘ಫರ್ಸ್ಟ್‌ಬೂಟ್ ಮೈನಸ್ ವೈ’ ಕೊಟ್ಟು ಎಲ್ಲವನ್ನೂ ಮೊದಲಿನಂತೆ ಮಾಡಿ ರೀಬೂಟ್ ಮಾಡಬಹುದು.

ಅದೂ ಆಗದಿದ್ದರೆ ಬೂಟ್‌ಲೋಡರಿನ ಟಿಎಫ್‌ಟಿಪಿ, ಅಂದರೆ ಜಾಲದ ಮೂಲಕ ಫೈಲು ಕಳಿಸುವ ಸರಳ ವಿಧಾನ. ಕೆಲವು ಬೋರ್ಡುಗಳು ತಾವೇ ಬಂದು ಫೈಲು ಕೇಳುತ್ತವೆ, ಆಗ ಕಂಪ್ಯೂಟರಿನಲ್ಲಿ ಸರ್ವರ್ ಇಡಬೇಕು. ಟಿಪಿ-ಲಿಂಕ್ ಆರ್ಚರ್ ಸಿ7ರಂಥವು 192.168.0.66ರಲ್ಲಿ ನಿಗದಿತ ಹೆಸರಿನ ಫೈಲನ್ನೇ ಹುಡುಕುತ್ತವೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಇಲ್ಲ. ಇನ್ನು ಕೆಲವು ತಾವೇ ಸರ್ವರ್ ಆಗಿ ಕಾಯುತ್ತವೆ, ನೀವು ತಳ್ಳಬೇಕು. ಎಲ್ಲ ಸರಿಯಿದ್ದೂ ಆಗದಿದ್ದರೆ ಎರಡು ಕಡೆ ನೋಡಿ. ಒಂದು, ಕಂಪ್ಯೂಟರಿನ ಫೈರ್‌ವಾಲ್ ಯುಡಿಪಿ 69 ಅನ್ನು ತಡೆಯುತ್ತಿರಬಹುದು. ಇನ್ನೊಂದು, ಬೋರ್ಡು ಎದ್ದಾಗ ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟ್ ಸಿದ್ಧವಾಗಲು ಕೆಲವು ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಬೂಟ್‌ಲೋಡರ್ ಕೇಳಿ ಮುಗಿಸಿರುತ್ತದೆ. ನಡುವೆ ಒಂದು ಸಾದಾ ಸ್ವಿಚ್ ಇಟ್ಟರೆ ಕಂಪ್ಯೂಟರಿನ ಕಡೆಯ ಸಂಪರ್ಕ ಸದಾ ಎದ್ದಿರುತ್ತದೆ. ಇಷ್ಟರಿಂದಲೇ ಸರಿಹೋಗುವ ಬೋರ್ಡುಗಳು ಬಹಳ.

ಇದ್ಯಾವುದೂ ನಡೆಯದಿದ್ದರೆ ಊಹೆ ಸಾಕು ಮಾಡಿ, ಸೀರಿಯಲ್ ತಂತಿ ಜೋಡಿಸಿ. 3.3 ವೋಲ್ಟಿನ ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ ಬೇಕು. 5 ವೋಲ್ಟಿನದ್ದು ಚಿಪ್ಪನ್ನು ಸುಡಬಹುದು, ಹಳೆಯ ಆರ್‌ಎಸ್‌232 ಪೋರ್ಟಂತೂ ಖಂಡಿತ ಕೂಡದು. ಬೋರ್ಡಿನಲ್ಲಿ ಸಾಲಾಗಿರುವ ನಾಲ್ಕು ರಂಧ್ರಗಳನ್ನು ಹುಡುಕಿ. ಕರೆಂಟು ಇಲ್ಲದಾಗ ಮಲ್ಟಿಮೀಟರಿನ ಬೀಪ್‌ನಲ್ಲಿ ಪೋರ್ಟಿನ ಲೋಹದ ಕವಚಕ್ಕೆ ತಾಗುವುದು ಗ್ರೌಂಡ್. ಕರೆಂಟು ಕೊಟ್ಟಾಗ 3.3ರಲ್ಲಿ ಅಲುಗದೆ ನಿಲ್ಲುವುದು ವಿಸಿಸಿ, ಬೋರ್ಡು ಏಳುವಾಗ ಅಂಕಿ ಓಲಾಡುವುದು ಟಿಎಕ್ಸ್, ಉಳಿದದ್ದು ಆರ್‌ಎಕ್ಸ್. ಬೋರ್ಡಿನ ಟಿಎಕ್ಸ್ ಅಡಾಪ್ಟರಿನ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ, ಗ್ರೌಂಡ್ ಗ್ರೌಂಡಿಗೆ: ಮೂರೇ ತಂತಿ. ವಿಸಿಸಿ ಜೋಡಿಸಬೇಡಿ, ಬೋರ್ಡಿಗೆ ಅದರದೇ ಅಡಾಪ್ಟರ್ ಕರೆಂಟು ಕೊಡಲಿ.

ವೇಗ 115200, 8ಎನ್1. ಹಳೆಯ ರಾಲಿಂಕ್, ಮೀಡಿಯಾಟೆಕ್ ಬೋರ್ಡುಗಳಲ್ಲಿ 57600 ಇರುವುದು ಸಾಮಾನ್ಯ. ತೆರೆಯ ಮೇಲೆ ಕಸದಂಥ ಅಕ್ಷರ ಬಂದರೆ ವೇಗ ಬದಲಿಸಿ. ಅಕ್ಷರ ಸರಿಯಾಗಿ ಬಂದು ಕೀಲಿ ಒತ್ತಿದ್ದು ಮಾತ್ರ ತಲುಪದಿದ್ದರೆ ಟರ್ಮಿನಲ್ ಪ್ರೋಗ್ರಾಮಿನ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ. ಮಿನಿಕಾಮ್‌ನಲ್ಲಿ ಬಹಳ ಜನರನ್ನು ಕಾಡುವುದು ಇದೇ.

ಈಗ ಬೋರ್ಡು ತನ್ನ ರೋಗವನ್ನು ತಾನೇ ಹೇಳುತ್ತದೆ. ‘ಬ್ಯಾಡ್ ಡೇಟಾ ಸಿಆರ್‌ಸಿ’ ಅಂದರೆ ಕರ್ನೆಲ್ ಅರ್ಧಂಬರ್ಧ ಬರೆದಿದೆ. ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಅಂದರೆ ಕರ್ನೆಲ್ ಸರಿಯಿದೆ, ಮುಂದಿನ ಭಾಗ ಸಿಕ್ಕಿಲ್ಲ. ಬಹುಶಃ ಬೇರೆ ವಿನ್ಯಾಸದ ಫೈಲು. ಎರಡಕ್ಕೂ ಮದ್ದು ಒಂದೇ. ಬೂಟ್‌ಲೋಡರ್ ಎಣಿಸುವಾಗ ಕೀಲಿ ಒತ್ತಿ ನಿಲ್ಲಿಸಿ, ಇನಿಟ್‌ರ‍್ಯಾಮ್‌ಎಫ್‌ಎಸ್ ಅನ್ನು ಟಿಎಫ್‌ಟಿಪಿಯಿಂದ ರ‍್ಯಾಮಿಗೆ ತನ್ನಿ. ಮೀಡಿಯಾಟೆಕ್‌ನ ಹಳೆಯ ಮೆನುವಿನಲ್ಲಿ ಇದು 1ನೇ ಆಯ್ಕೆ. ಅದೇ ಮೆನುವಿನ 9 ಬೂಟ್‌ಲೋಡರನ್ನೇ ಅಳಿಸಿ ಬರೆಯುತ್ತದೆ, ಅದರ ಹತ್ತಿರ ಕೈ ಹೋಗದಿರಲಿ. ತೆರೆಯ ಮೇಲೆ ‘#’ ಸಾಲು ಬೆಳೆಯುತ್ತಿದ್ದರೆ ಫೈಲು ಬರುತ್ತಿದೆ. ‘ಟಿ’ ಅಕ್ಷರಗಳೇ ಬರುತ್ತಿದ್ದರೆ ಉತ್ತರ ಸಿಗುತ್ತಿಲ್ಲ, ವಿಳಾಸ ಮತ್ತು ಫೈರ್‌ವಾಲ್ ನೋಡಿ. ಎದ್ದ ಮೇಲೆ ಸಿಸ್‌ಅಪ್‌ಗ್ರೇಡ್ ಫೈಲನ್ನು ಟಿಎಂಪಿಗೆ ಕಳಿಸಿ ‘ಸಿಸ್‌ಅಪ್‌ಗ್ರೇಡ್ ಮೈನಸ್ ಎನ್’ ಕೊಡಿ.

ತಂತಿ, ವೇಗ ಎಲ್ಲ ಸರಿಯಿದ್ದೂ ಒಂದಕ್ಷರವೂ ಬಾರದಿದ್ದರೆ ಬೂಟ್‌ಲೋಡರ್ ಹೋಗಿರುವ ಸಂಭವ ಹೆಚ್ಚು. ಆಗ ಎಂಟು ಕಾಲಿನ ಫ್ಲ್ಯಾಶ್ ಚಿಪ್ಪಿಗೆ ಕ್ಲಿಪ್ ಹಾಕಿ ಪ್ರೋಗ್ರಾಮರಿನಿಂದಲೇ ಬರೆಯಬೇಕು. ಸಾಮಾನ್ಯವಾಗಿ ಸಿಗುವ ಸಿಎಚ್341ಎ ಪ್ರೋಗ್ರಾಮರುಗಳಲ್ಲಿ ಕೆಲವು ಡೇಟಾ ತಂತಿಗಳಲ್ಲಿ 5 ವೋಲ್ಟ್ ಕೊಡುತ್ತವೆ, ಅಳೆದು ನೋಡಿ ಬಳಸಿ. ಮೊದಲು ಎರಡು ಸಲ ಓದಿ, ಎರಡೂ ಫೈಲು ಒಂದೇ ಇವೆಯೇ ನೋಡಿ. ಬೇರೆ ಬೇರೆ ಬಂದರೆ ಕ್ಲಿಪ್ಪಿನ ಕರೆಂಟಿನಿಂದ ಬೋರ್ಡಿನ ಮುಖ್ಯ ಚಿಪ್ಪೂ ಎದ್ದು ಅಡ್ಡಬರುತ್ತಿರಬಹುದು, ಫ್ಲ್ಯಾಶನ್ನು ಬಿಡಿಸಿಯೇ ಬರೆಯಬೇಕಾದೀತು. ಮೇಲೆ ಹೇಳಿದ ಕ್ಯಾಲಿಬ್ರೇಶನ್ ಬ್ಯಾಕಪ್ ಬೇಕಾಗುವುದು ಈ ಹೊತ್ತಿಗೇ.

ಪ್ರಶ್ನೆ: ರೀಬೂಟ್ ಕಮಾಂಡ್ ಕೊಟ್ಟರೆ ಬೋರ್ಡು ಮತ್ತೆ ಏಳುವುದಿಲ್ಲ, ಪ್ಲಗ್ ಕಿತ್ತು ಹಾಕಿದರೆ ಏಳುತ್ತದೆ. ಫ್ಲ್ಯಾಶನ್ನು 32 ಎಂಬಿಗೆ ಏರಿಸಿದ್ದೇನೆ.

ಉತ್ತರ: ಕಾರಣವನ್ನು ನೀವೇ ಬರೆದಿದ್ದೀರಿ. ಮೂರು ಬೈಟಿನ ವಿಳಾಸದಿಂದ 16 ಎಂಬಿವರೆಗೆ ಮಾತ್ರ ತಲುಪಬಹುದು. ಅದಕ್ಕಿಂತ ದೊಡ್ಡ ಎಸ್‌ಪಿಐ ಫ್ಲ್ಯಾಶನ್ನು ಕರ್ನೆಲ್ ನಾಲ್ಕು ಬೈಟಿನ ಸ್ಥಿತಿಗೆ ತಿರುಗಿಸುತ್ತದೆ. ರೀಬೂಟ್ ಆದಾಗ ಮುಖ್ಯ ಚಿಪ್ ಹೊಸದಾಗಿ ಶುರುವಾಗಿ ಮೂರು ಬೈಟಿನಲ್ಲಿ ಕೇಳುತ್ತದೆ, ಕರೆಂಟು ಹೋಗದ ಫ್ಲ್ಯಾಶ್ ಇನ್ನೂ ನಾಲ್ಕು ಬೈಟಿಗಾಗಿ ಕಾಯುತ್ತಿರುತ್ತದೆ. ಫ್ಲ್ಯಾಶಿನ ರೀಸೆಟ್ ಕಾಲನ್ನು ಬೋರ್ಡಿನ ರೀಸೆಟ್‌ಗೆ ಜೋಡಿಸಿದ್ದರೆ ಈ ತೊಂದರೆ ಬಾರದು. ಇಲ್ಲದಿದ್ದರೆ ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಭಾಗಗಳನ್ನು ಕರ್ನೆಲ್ಲಿಗೆ ವಿವರಿಸುವ ಫೈಲು) ‘ಬ್ರೋಕನ್-ಫ್ಲ್ಯಾಶ್-ರೀಸೆಟ್’ ಸೇರಿಸಿ ಫರ್ಮ್‌ವೇರ್ ಕಟ್ಟಿ, ರೀಬೂಟಿಗೆ ಮುನ್ನ ಕರ್ನೆಲ್ಲೇ ಹಳೆಯ ಸ್ಥಿತಿಗೆ ತರುತ್ತದೆ. ಆದರೂ ಕರ್ನೆಲ್ ಕುಸಿದು ವಾಚ್‌ಡಾಗ್ (ಸಿಕ್ಕಿಕೊಂಡ ಬೋರ್ಡನ್ನು ತಾನೇ ರೀಸೆಟ್ ಮಾಡುವ ಟೈಮರ್) ರೀಸೆಟ್ ಮಾಡಿದರೆ ಬೋರ್ಡು ಸಿಕ್ಕಿಕೊಳ್ಳುವುದೇ. ದೂರದ ಕಂಬದ ಮೇಲೆ ಇಡುವ ಬೋರ್ಡಾದರೆ 16 ಎಂಬಿಯೇ ವಾಸಿ.

ಪ್ರಶ್ನೆ: ತಯಾರಕರ ಫರ್ಮ್‌ವೇರಿನಲ್ಲಿ ಬರುತ್ತಿದ್ದ ವೇಗ ಓಪನ್‌ವರ್ಟ್‌ನಲ್ಲಿ ಬರುತ್ತಿಲ್ಲ.

ಉತ್ತರ: ತಯಾರಕರ ಫರ್ಮ್‌ವೇರ್ ಸಾಮಾನ್ಯವಾಗಿ ಪ್ಯಾಕೆಟ್ಟುಗಳನ್ನು ಸಿಪಿಯು ಮುಟ್ಟದಂತೆ ಹಾರ್ಡ್‌ವೇರಿನಲ್ಲೇ ದಾಟಿಸುತ್ತದೆ. ಓಪನ್‌ವರ್ಟ್‌ನಲ್ಲಿ ಮೊದಲಿಗೆ ಪ್ರತಿ ಪ್ಯಾಕೆಟ್ಟೂ ಸಿಪಿಯು ದಾಟಿ ಹೋಗುತ್ತದೆ. ಕಂಪ್ಯೂಟರನ್ನು ತಂತಿಯಿಂದ ಜೋಡಿಸಿ ವೇಗ ಅಳೆಯುತ್ತ, ರೂಟರಿನಲ್ಲಿ ‘ಟಾಪ್’ ಓಡಿಸಿ. ಮೇಲಿನ ಸಾಲಿನಲ್ಲಿ ಐಡಲ್ ಸೊನ್ನೆಯ ಹತ್ತಿರ, ‘ಎಸ್‌ಐಆರ್‌ಕ್ಯು’ (ಪ್ಯಾಕೆಟ್ಟುಗಳಂಥ ಕೆಲಸಕ್ಕೆ ಕರ್ನೆಲ್ ಕಳೆಯುವ ಸಮಯ) ಆಕಾಶದಲ್ಲಿ ಇದ್ದರೆ ಸಿಪಿಯು ಸೋತಿದೆ. ಐಡಲ್ ಧಾರಾಳವಾಗಿದ್ದರೆ ದೋಷ ವೈಫೈನಲ್ಲೋ ಲೈನಿನಲ್ಲೋ ಹುಡುಕಬೇಕು. ಕೋರು ಹಲವಿದ್ದರೆ ಐಡಲ್ ಉಳಿದಂತೆ ಕಂಡೂ ಒಂದೇ ಕೋರು ಸೋತಿರಬಹುದು ಎಂಬುದನ್ನು ಮರೆಯಬೇಡಿ. ವೇಗ ಅಳೆಯುವ ಪ್ರೋಗ್ರಾಮನ್ನು ರೂಟರಿನಲ್ಲೇ ಓಡಿಸಬೇಡಿ, ಅದೇ ಸಿಪಿಯು ತಿನ್ನುತ್ತದೆ.

ಸಿಪಿಯು ಸೋತಿದ್ದರೆ ಫೈರ್‌ವಾಲ್ ಪುಟದಲ್ಲಿ ಸಾಫ್ಟ್‌ವೇರ್ ಫ್ಲೋ ಆಫ್‌ಲೋಡಿಂಗ್ (ಪ್ಯಾಕೆಟ್ಟುಗಳಿಗೆ ಅಡ್ಡದಾರಿ) ಹಾಕಿ. ಎಂಟಿ7621ರಂಥ ಚಿಪ್ಪುಗಳಲ್ಲಿ ಹಾರ್ಡ್‌ವೇರ್ ಆಫ್‌ಲೋಡಿಂಗೂ ಇದೆ. ಆದರೆ ಆಫ್‌ಲೋಡಿಂಗನ್ನು ಎಸ್‌ಕ್ಯುಎಂ (ಪ್ಯಾಕೆಟ್ಟುಗಳ ಸರದಿ ನೋಡಿಕೊಳ್ಳುವ ಪ್ಯಾಕೇಜ್) ಜೊತೆ ಹಾಕಬೇಡಿ. ಎಸ್‌ಕ್ಯುಎಂ ಪ್ರತಿ ಪ್ಯಾಕೆಟ್ಟನ್ನೂ ಸಾಲಿನಲ್ಲಿ ನಿಲ್ಲಿಸುವುದು, ಆಫ್‌ಲೋಡಿಂಗ್ ಸಾಲನ್ನೇ ತಪ್ಪಿಸುವುದು. ಎರಡೂ ಒಟ್ಟಿಗೆ ಹೊಂದವು. ನಿಧಾನದ ಲೈನಿನಲ್ಲಿ ಹಲವರು ಒಟ್ಟಿಗೆ ಬಳಸುವಾಗ ಕರೆ ಕಡಿದುಹೋಗುತ್ತಿದ್ದರೆ ಎಸ್‌ಕ್ಯುಎಂ ಹಾಕಿ, ಲೈನಿನ ವೇಗದ ಶೇ. 90ರಷ್ಟು ಮಿತಿ ಕೊಟ್ಟು ಅಲ್ಲಿಂದ ತಿದ್ದುತ್ತ ಹೋಗಿ. ಲೈನೇ ವೇಗದ್ದಾಗಿದ್ದರೆ ಆಫ್‌ಲೋಡಿಂಗ್ ಸಾಕು.

ಪ್ರಶ್ನೆ: ಅಪ್‌ಗ್ರೇಡ್ ಮಾಡಲು ಹೋದರೆ ‘ಸ್ವಿಚ್‌ಕಾನ್ಫಿಗ್‌ನಿಂದ ಡಿಎಸ್‌ಎಗೆ ಸೆಟ್ಟಿಂಗ್ ತರಲಾಗದು’ ಎಂದು ನಿಲ್ಲುತ್ತದೆ. ಬಲವಂತ ಮಾಡಬಹುದೆ?

ಉತ್ತರ: ಈ ಸಂದೇಶ ಬಂದಾಗ ಮಾತ್ರ, ಸೆಟ್ಟಿಂಗುಗಳನ್ನು ಬಿಟ್ಟುಕೊಟ್ಟು ಮಾಡಬಹುದು. 21.02ರಿಂದ ಹಲವು ಚಿಪ್ ಕುಟುಂಬಗಳಲ್ಲಿ ರೂಟರಿನೊಳಗಿನ ಸ್ವಿಚ್ಚನ್ನು ನೋಡುವ ರೀತಿಯೇ ಸ್ವಿಚ್‌ಕಾನ್ಫಿಗ್‌ನಿಂದ ಡಿಎಸ್‌ಎಗೆ ಬದಲಾಗಿ, ಪ್ರತಿ ಪೋರ್ಟಿಗೂ ಲ್ಯಾನ್1, ಲ್ಯಾನ್2 ಎಂಬ ಸ್ವಂತ ಹೆಸರು ಬಂತು. ಹಳೆಯ ನೆಟ್‌ವರ್ಕ್ ಫೈಲು ಅಲ್ಲಿ ಅರ್ಥವಾಗುವುದಿಲ್ಲ, ಒಯ್ದರೆ ರೂಟರಿನೊಳಗೆ ಹೋಗುವ ದಾರಿಯೇ ಮುಚ್ಚೀತು. ಬ್ಯಾಕಪ್ ತೆಗೆದು, ‘ಸಿಸ್‌ಅಪ್‌ಗ್ರೇಡ್ ಮೈನಸ್ ಎನ್ ಮೈನಸ್ ಎಫ್’ ಕೊಡಿ (ಎಫ್ ದೊಡ್ಡಕ್ಷರ). ಆಮೇಲೆ ಡಿಎಚ್‌ಸಿಪಿಯ ಸ್ಥಿರ ವಿಳಾಸಗಳನ್ನು ಹಳೆಯ ಫೈಲಿನಿಂದ ನಕಲು ಮಾಡಬಹುದು, ನೆಟ್‌ವರ್ಕ್ ಭಾಗವನ್ನು ಮಾತ್ರ ಹೊಸದಾಗಿಯೇ ಬರೆಯಿರಿ. ‘ಈ ಫೈಲು ಈ ಬೋರ್ಡಿನದ್ದಲ್ಲ’ ಎಂಬರ್ಥದ ಸಂದೇಶ ಬಂದರೆ ದೊಡ್ಡ ಎಫ್ ಬೇಡ, ಲೇಬಲ್ ಮತ್ತೆ ಓದಿ.

ಪ್ರಶ್ನೆ: ರೂಟರ್ ಎದ್ದ ಮೇಲೆ 5 ಗಿಗಾಹರ್ಟ್ಸ್ ವೈಫೈ ಒಂದು ನಿಮಿಷ ಕಾಣುವುದಿಲ್ಲ. ದೋಷವೆ?

ಉತ್ತರ: ಅಲ್ಲ. ನೀವು ಆರಿಸಿದ ಚಾನೆಲ್ ರೇಡಾರ್ ಬಳಸುವ ಭಾಗದಲ್ಲಿದೆ. ಪ್ರಸಾರ ಶುರುಮಾಡುವ ಮೊದಲು 60 ಸೆಕೆಂಡು ಕಿವಿಗೊಡಬೇಕೆಂಬುದು ನಿಯಮ. ಹವಾಮಾನ ರೇಡಾರಿನ ಭಾಗದಲ್ಲಿ ಹಲವು ದೇಶಗಳಲ್ಲಿ ಅದು 10 ನಿಮಿಷ. ‘ಲಾಗ್‌ರೀಡ್’ನಲ್ಲಿ ‘ಡಿಎಫ್‌ಎಸ್-ಸಿಎಸಿ-ಸ್ಟಾರ್ಟ್’ ಎಂಬ ಸಾಲು ಕಂಡರೆ ಇದೇ ಕಾರಣ. ಕಾಯಲಾಗದಿದ್ದರೆ ಚಾನೆಲ್ 36ಕ್ಕೆ, 80 ಮೆಗಾಹರ್ಟ್ಸ್ ಅಗಲಕ್ಕೆ ಬದಲಿಸಿ. ಕಂಟ್ರಿ ಕೋಡನ್ನು ಮಾತ್ರ ನೀವಿರುವ ದೇಶದ್ದೇ ಇಡಿ. ಬೇರೆ ದೇಶದ್ದು ಹಾಕಿ ನಿಯಮ ತಪ್ಪಿಸಿದರೆ ಅಡಚಣೆಯಾಗುವುದು ವಿಮಾನ ಮತ್ತು ಹವಾಮಾನದ ರೇಡಾರಿಗೆ.